ನೀರಿನಲ್ಲಿ ಜಾರಿ ಬಂದ ಅಕ್ಷರ

ಮನುಷ್ಯನಿಗೆ ತನ್ನ ವಸ್ತುಗಳ ಮೇಲೆ ಅಕ್ಷರ ಬರೆಯಿಸುವ ಆಸೆ ಬಹು ಹಿಂದಿನದು. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಚೊಂಬಿನ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊಟ್ಟವರ ಹೆಸರು, ಮನೆಯ ಬಾಗಿಲ ಮೇಲೆ ಕಟ್ಟಿಸಿದ ಇಸವಿ, ಲಾರಿಯ ಹಣೆಯ ಮೇಲೆ ಕುಲದೇವರ ನಾಮ, ಇವೆಲ್ಲ ಆ ಆಸೆಯ ಗುರುತುಗಳೇ. ಹಾದಿಯಲ್ಲಿ ಹೋಗುವವರು ಇವನ್ನು ಓದುತ್ತಾರೆಯೋ ಇಲ್ಲವೋ ಬರೆಯಿಸಿದವನಿಗೆ ಅದರ ಚಿಂತೆಯಿಲ್ಲ. ಅಕ್ಷರ ಬಿದ್ದ ಮೇಲೆ ವಸ್ತು ತನ್ನದಾಯಿತೆಂದು ಅವನ ಮನಸ್ಸಿಗೆ ಒಂದು ಸಮಾಧಾನ.

ಸೇಲಂ ಸೀಮೆ ಲಾರಿಗಳ ಸೀಮೆ. ಸಂಕಗಿರಿಯೂ, 1997ರವರೆಗೆ ಸೇಲಂ ಜಿಲ್ಲೆಗೇ ಸೇರಿದ್ದ ನಾಮಕ್ಕಲ್ ಮತ್ತು ತಿರುಚ್ಚೆಂಗೋಡುಗಳೂ ಲಾರಿ ಕಟ್ಟುವುದಕ್ಕೆ, ಲಾರಿ ಓಡಿಸುವುದಕ್ಕೆ ಹೆಸರಾದ ಊರುಗಳು. ಲಾರಿ ಕಟ್ಟುವಲ್ಲಿ ಬಡಗಿಯೂ ಕಮ್ಮಾರನೂ ಹೇಗೆ ಬೇಕೋ ಹಾಗೆಯೇ ಅಕ್ಷರ ಬರೆಯುವವನೂ ಬೇಕು. ಈ ಕಡೆಯ ಕೈಗಳು ತಮಿಳಿನ ದುಂಡು ಅಕ್ಷರಗಳನ್ನೂ ಇಂಗ್ಲಿಷಿನ ನೇರ ಅಕ್ಷರಗಳನ್ನೂ ಕುಂಚದ ಒಂದೇ ಎಳೆತದಲ್ಲಿ ಬರೆಯುವ ಚಂದವನ್ನು ನಿಂತು ನೋಡಬೇಕು. ಕನ್ನಡದ ಅಕ್ಷರ ಮಾತ್ರ ಆ ಸಾಲಿನಲ್ಲಿ ಅಪರೂಪ. ಮೇಟೂರಿನ ಸುತ್ತಿನಲ್ಲಿ, ಧರ್ಮಪುರಿಯ ಹಳ್ಳಿಗಳಲ್ಲಿ, ಈಗ ಕೃಷ್ಣಗಿರಿ ಜಿಲ್ಲೆಗೆ ಸೇರಿರುವ ಹೊಸೂರು, ಡೆಂಕಣಿಕೋಟೆ, ತಳಿ ಭಾಗಗಳಲ್ಲಿ ಕನ್ನಡವನ್ನು ಮನೆಮಾತಾಗಿ ಆಡುವ ಕುಟುಂಬಗಳು ಬೇಕಾದಷ್ಟಿವೆ. ಆದರೆ ಮಾತು ಇದ್ದಲ್ಲೆಲ್ಲ ಲಿಪಿ ಇರಬೇಕೆಂದಿಲ್ಲ. ಮಾತು ತಾಯಿಯಿಂದ ಬರುತ್ತದೆ. ಲಿಪಿಯನ್ನು ಶಾಲೆ ಕೊಡಬೇಕು. ಶಾಲೆ ಕೊಡದಿದ್ದರೆ ಅದು ಒಂದು ತಲೆಮಾರಿನಲ್ಲಿಯೇ ಚಿತ್ರವಾಗಿಬಿಡುತ್ತದೆ. ಈ ಮಾತಿನ ಅರ್ಥ ನನಗೆ ಪೂರ್ಣವಾಗಿ ತಿಳಿದದ್ದು ಪಾಠಶಾಲೆಯಲ್ಲಲ್ಲ, ಸೇಲಂನ ಒಂದು ಬಣ್ಣದ ಷೆಡ್ಡಿನಲ್ಲಿ, ಒಂದು ಹಳೆಯ ಮೋಟಾರು ಸೈಕಲ್ಲಿನ ಪೆಟ್ರೋಲು ಟ್ಯಾಂಕಿಯ ಮುಂದೆ.

ಆ ಟ್ಯಾಂಕಿಯ ಮೇಲೆ ನಡೆದ ಕೆಲಸ ಎರಡು ಕಲೆಗಳ ಕೂಟ. ಮೊದಲನೆಯದು ನೀರಿನಲ್ಲಿ ನೆನೆಸಿ ಜಾರಿಸುವ ಅಂಟುಚಿತ್ರ. ಇಂಗ್ಲಿಷಿನಲ್ಲಿ ಇದಕ್ಕೆ ಡೀಕಾಲ್ ಎಂದು ಹೆಸರು. ಫ್ರೆಂಚರ ‘ಡೆಕಾಲ್ಕೊಮಾನಿ’ ಎಂಬ ಉದ್ದನೆಯ ಮಾತು ಮೊಟಕಾಗಿ ಹೀಗಾಗಿದೆ. ಕಾಗದದ ಮೇಲೆ ಅಚ್ಚೊತ್ತಿದ ಚಿತ್ರವನ್ನು ಪಿಂಗಾಣಿಯ ಮೇಲಕ್ಕೆ ಇಳಿಸುವ ಪದ್ಧತಿ ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ನಡುವಿನಲ್ಲಿಯೇ ಬಳಕೆಗೆ ಬಂದಿತ್ತು. 19ನೆಯ ಶತಮಾನದಲ್ಲಿ ಇಂತಹ ಚಿತ್ರಗಳನ್ನು ಪೆಟ್ಟಿಗೆ, ಹೂಜಿಗಳ ಮೇಲೆ ಇಳಿಸುವುದು ಯೂರೋಪಿನಲ್ಲಿ ಮನೆಮನೆಯ ಹವ್ಯಾಸವಾಯಿತು. ನಮ್ಮ ವಾಚಕರಲ್ಲಿ ಹಿರಿಯರಾದವರು ಹೊಲಿಗೆಯಂತ್ರದ ಕಪ್ಪು ಮೈಯ ಮೇಲಿನ ಹೊಂಬಣ್ಣದ ಬಳ್ಳಿಯನ್ನು ನೆನೆಯಲಿ, ಹಳೆಯ ಸೈಕಲ್ಲಿನ ಕೊಳವೆಯ ಮೇಲೆ ಮಿನುಗುತ್ತಿದ್ದ ಕಂಪೆನಿಯ ಹೆಸರನ್ನು ನೆನೆಯಲಿ. ಅದನ್ನು ಯಾರೋ ಕುಶಲಿ ಕುಳಿತು ಬರೆದಿರಬೇಕೆಂದು ಬಾಲ್ಯದಲ್ಲಿ ನಾವು ಭಾವಿಸಿದ್ದೆವು. ಅವೂ ಇಂತಹ ಇಳಿಸಿದ ಚಿತ್ರಗಳೇ.

ಇದರ ರಚನೆ ಬಹಳ ಸರಳ. ದಪ್ಪನೆಯ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅಂಟಿನ ಮೇಲೆ ಈರುಳ್ಳಿಯ ಒಳಪೊರೆಯಂತಹ ತೆಳುವಾದ ಪಾರದರ್ಶಕ ಪೊರೆ, ಆ ಪೊರೆಯ ಮೇಲೆ ಅಚ್ಚಿನ ಮಸಿ. ಕಾಗದವನ್ನು ಉಗುರುಬೆಚ್ಚನೆಯ ನೀರಿನಲ್ಲಿ ಒಂದರ್ಧ ನಿಮಿಷ ಇಟ್ಟು ತೆಗೆದರೆ ಅಂಟು ಸಡಿಲಗೊಳ್ಳುತ್ತದೆ. ಆಗ ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಪೊರೆ ಚಿತ್ರದೊಡನೆ ಜಾರಿ ಹೊಸ ಮೈಯ ಮೇಲೆ ಕೂರುತ್ತದೆ. ಕಾಗದ ಕೈಯಲ್ಲಿ ಉಳಿಯುತ್ತದೆ. ಚಿತ್ರ ಮಗುಚಿ ಬೀಳದೆ ಇದ್ದ ಮುಖದಲ್ಲಿಯೇ ಜಾರುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಅಚ್ಚಿಸುವ ಅಗತ್ಯವಿಲ್ಲ. ಹಿಂದೆ ಇದಕ್ಕೆ ದೊಡ್ಡ ಅಚ್ಚುಕೂಟವೇ ಬೇಕಾಗಿತ್ತು. ಇಂದು ಅಂಥ ಕಾಗದ ಅಂಗಡಿಯಲ್ಲಿ ದೊರೆಯುತ್ತದೆ; ಗಣಕಯಂತ್ರಕ್ಕೆ ಜೋಡಿಸಿದ ಸಾಮಾನ್ಯ ಮುದ್ರಣಯಂತ್ರದಲ್ಲಿ ಒಂದೇ ಒಂದು ಪ್ರತಿಯನ್ನೂ ತೆಗೆಯಬಹುದು.

ಎರಡನೆಯದು ಏರ್‌ಬ್ರಷ್. ಲೇಖನಿಯಂತೆ ಬೆರಳುಗಳ ನಡುವೆ ಹಿಡಿಯುವ ಒಂದು ಸಣ್ಣ ಸಲಕರಣೆ. ಒತ್ತಿದ ಗಾಳಿ ಒಂದು ಕಡೆಯಿಂದ ಬಂದು, ಬಟ್ಟಲಿನಲ್ಲಿರುವ ಬಣ್ಣವನ್ನು ಸೂಜಿಯ ತುದಿಯಲ್ಲಿ ಸೆಳೆದು, ಮಂಜಿನಂತೆ ಎರಚುತ್ತದೆ. ಅಮೆರಿಕದ ಆಬ್ನರ್ ಪೀಲರ್ ಎಂಬುವನು 1879ರ ಸುಮಾರಿನಲ್ಲಿ ಇದರ ಮೊದಲ ರೂಪವನ್ನು ಮಾಡಿದನು. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಎಂಬುವನು ಅದನ್ನು ಈಗಿನ ಲೇಖನಿಯ ಆಕಾರಕ್ಕೆ ತಂದನು. ಛಾಯಾಚಿತ್ರಗಳನ್ನು ತಿದ್ದುವುದಕ್ಕೆ ಇದು ಬಹುಕಾಲ ಬಳಕೆಯಲ್ಲಿತ್ತು. ಲಾರಿಗೆ ಬಣ್ಣ ಹೊಡೆಯುವ ಗನ್ನಿನ ಮೂತಿ ಒಂದೂಕಾಲು, ಒಂದೂವರೆ ಮಿಲಿಮೀಟರು ಇದ್ದರೆ, ಏರ್‌ಬ್ರಷ್ಷಿನದು ಅದರ ಕಾಲು ಭಾಗವೂ ಇರುವುದಿಲ್ಲ. ಬೆರಳನ್ನು ಕೆಳಗೆ ಒತ್ತಿದರೆ ಗಾಳಿ. ಹಿಂದಕ್ಕೆ ಎಳೆದರೆ ಬಣ್ಣ. ಮೋಡ, ಹೊಗೆ, ಬೆಳಗಿನ ಬೆಳಕು, ಮುಖದ ನೆರಳು, ಹೀಗೆ ಎಲ್ಲಿ ಒಂದು ಬಣ್ಣ ಇನ್ನೊಂದರಲ್ಲಿ ಅರಿವಿಲ್ಲದೆ ಕರಗಬೇಕೋ ಅಲ್ಲಿ ಇದಕ್ಕೆ ಎಣೆಯಿಲ್ಲ. ಆದರೆ ಅಂಚು ಕತ್ತರಿಸಿದಂತಿರಬೇಕಾದ ಸಣ್ಣ ಅಕ್ಷರವನ್ನು ಬರೆ ಎಂದರೆ ಇದು ಸೋಲುತ್ತದೆ. ಅಂಟುಚಿತ್ರದ ಗುಣ ಇದಕ್ಕೆ ವಿರುದ್ಧ: ಅಂಚು ಖಚಿತ, ಆದರೆ ಸುತ್ತಲಿನ ಬಣ್ಣದೊಡನೆ ಅದಕ್ಕೆ ಸಂಬಂಧವೇ ಇಲ್ಲ, ಮೇಲೆ ಮೆತ್ತಿದಂತೆ ಕಾಣುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಮೋಟಾರು ಸೈಕಲ್ಲಿನ ಟ್ಯಾಂಕಿ, ತಲೆಗಾಪು, ಗಿಟಾರು ಮೊದಲಾದವುಗಳಿಗೆ ವಿಶೇಷವಾಗಿ ಬಣ್ಣ ಹಾಕುವವರು ಎರಡನ್ನೂ ಕೂಡಿಸುತ್ತಾರೆ.

ಇನ್ನು ನಮ್ಮ ಟ್ಯಾಂಕಿಯ ವಿಷಯ. ನನ್ನ ಅಕ್ಕನ ಮನೆ ಮೇಟೂರಿನ ಕಡೆಯ ಒಂದು ಹಳ್ಳಿಯಲ್ಲಿದೆ. ಭಾವನವರು ಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ಅವರ ವಾಹನ ಒಂದು ಯೆಜ್ಡಿ. ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯವರು ಮೊದಲು ಜಾವಾ ಎಂಬ ಹೆಸರಿನಲ್ಲಿಯೂ ಬಳಿಕ ಯೆಜ್ಡಿ ಎಂಬ ಹೆಸರಿನಲ್ಲಿಯೂ ಮೋಟಾರು ಸೈಕಲ್ಲುಗಳನ್ನು ಮಾಡುತ್ತಿದ್ದರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಹೋದರೂ ಗಾಡಿಗಳು ಹೋಗಲಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರಸಿ ಓಡಿಸುವ ಆ ಗಾಡಿಗಳ ಸದ್ದನ್ನು ದೂರದಿಂದಲೇ ಗುರುತಿಸುವವರು ಇಂದಿಗೂ ಇದ್ದಾರೆ. ಭಾವನವರು ಪ್ರತಿವರ್ಷ ಶಿವರಾತ್ರಿಗೆ ಅದೇ ಗಾಡಿಯಲ್ಲಿ ಕೊಳತ್ತೂರು, ಪಾಲಾರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬರುತ್ತಿದ್ದರು. ಮಾದಪ್ಪನ ಒಕ್ಕಲುಗಳಿಗೆ ರಾಜ್ಯಗಳ ಗಡಿ ಒಂದು ಸುಂಕದ ಕಟ್ಟೆಗಿಂತ ಹೆಚ್ಚಿನದೇನೂ ಅಲ್ಲ.

ಭಾವನವರು ತೀರಿಕೊಂಡ ಮೇಲೆ ಗಾಡಿ ಹಿತ್ತಲಿನ ಮಾಡಿನಲ್ಲಿ ತುಕ್ಕು ಹಿಡಿದು ನಿಂತಿತು. ಅವರ ಮಗ, ನನ್ನ ಸೋದರಳಿಯ, ಅದನ್ನು ಮತ್ತೆ ಓಡುವಂತೆ ಮಾಡಿಸಿದ. ಸೇಲಂನ ಒಬ್ಬ ಅನುಭವಸ್ಥ ಪೇಂಟರಿಗೆ ಬಣ್ಣದ ಕೆಲಸವನ್ನು ಒಪ್ಪಿಸಿದ. ನೋಂದಣಿ ಪುಸ್ತಕದಲ್ಲಿ ನಮೂದಾಗಿರುವ ಕಡುಗೆಂಪನ್ನೇ ಉಳಿಸಿಕೊಳ್ಳುವುದು, ಟ್ಯಾಂಕಿಯ ಎರಡು ಮಗ್ಗುಲಿಗೂ ಬೆಟ್ಟದ ಸಾಲನ್ನು ಏರ್‌ಬ್ರಷ್ಷಿನಲ್ಲಿ ಬಿಡಿಸುವುದು, ಅದರ ಮೇಲೆ ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’ ಎಂದು ಕನ್ನಡದಲ್ಲಿ ಬರೆಯಿಸುವುದು, ಇದು ಏರ್ಪಾಡು. ಕನ್ನಡದಲ್ಲಿಯೇ ಆಗಬೇಕೆಂಬುದು ಅಕ್ಕನ ಹಟ. ಆಕೆ ನಾಲ್ಕನೆಯ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಈಗ ಕಣ್ಣಿನ ಪೊರೆಯಿಂದ ಸಣ್ಣ ಅಕ್ಷರ ಕಾಣದು. ಅಳಿಯನಾದರೋ ತಮಿಳು, ಇಂಗ್ಲಿಷುಗಳಲ್ಲಿ ಓದಿದವನು. ಮನೆಯಲ್ಲಿ ಸೊಗಸಾಗಿ ಕನ್ನಡ ಆಡುತ್ತಾನೆ, ಒಂದಕ್ಷರ ಓದಲಾರ.

ಪೇಂಟರು ನಾಲ್ವತ್ತು ವರ್ಷ ಲಾರಿಗಳ ಮೇಲೆ ಅಕ್ಷರ ಬರೆದವರು. ಗೊತ್ತಿಲ್ಲದ ಲಿಪಿಯನ್ನು ಕೈಯಿಂದ ಬರೆಯುವುದಕ್ಕೆ ಅವರು ಒಪ್ಪಲಿಲ್ಲ. ‘ದೇವರ ಹೆಸರು, ತಪ್ಪಾದರೆ ಒಳ್ಳೆಯದಲ್ಲ, ಅಚ್ಚು ಹಾಕಿಸಿ ತನ್ನಿ, ನೀರಿನಲ್ಲಿ ಇಳಿಸಿಕೊಡುತ್ತೇನೆ’ ಎಂದರಂತೆ. ಅಳಿಯ ಒಂದು ಅಂಗಡಿಯಲ್ಲಿ ಅಚ್ಚು ಹಾಕಿಸಿದ. ಏನು ಹೊಳೆಯಿತೋ, ಷೆಡ್ಡಿಗೆ ಕೊಡುವ ಮೊದಲು ಅದನ್ನು ನನ್ನ ಬಳಿಗೆ ತಂದು, ‘ಮಾವ, ಹೇಗಿದೆ ನೋಡಿ, ಚಿನ್ನದ ಬಣ್ಣ ಚೆನ್ನಾಗಿ ಬಂದಿದೆ’ ಎಂದ.

ಬಣ್ಣ ಚೆನ್ನಾಗಿಯೇ ಬಂದಿತ್ತು. ಓದಿ ನೋಡಿದರೆ ‘ಶ್‌ರೀ ಮಲೆ ಮಹದೇಶ್‌ವರ ಪ್‌ರಸನ್‌ನ’ ಎಂದಿತ್ತು. ಒತ್ತಕ್ಷರಗಳೆಲ್ಲ ಒಡೆದು, ಬೇಸಾಯಕ್ಕೆ ಹೋದ ಎತ್ತುಗಳು ನೊಗ ಕಳಚಿ ಸಾಲಾಗಿ ನಿಂತಂತೆ ನಿಂತಿದ್ದವು. ಇದರ ಕಾರಣ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ತಿಳಿದಿರುವುದು ಒಳ್ಳೆಯದು. ಗಣಕಯಂತ್ರವು ಶ್ವ ಎಂಬ ಅಕ್ಷರವನ್ನು ಒಂದೇ ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ, 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವುಂಟು. ಅಲ್ಲಿ ಶ್ವ ಎಂದರೆ ಶ, ಅರ್ಧಾಕ್ಷರದ ಗುರುತು, ವ ಎಂಬ ಮೂರು ಸಂಖ್ಯೆಗಳು. ಅವನ್ನು ಕೂಡಿಸಿ ವಕಾರವನ್ನು ಕೆಳಗೆ ಒತ್ತಾಗಿ ಇಡುವ ಕೆಲಸ ಬೇರೊಂದು ಭಾಗದ್ದು. ಚಿತ್ರ ಬಿಡಿಸುವುದಕ್ಕೆಂದೇ ಮಾಡಿದ ಕೆಲವು ತಂತ್ರಾಂಶಗಳಲ್ಲಿ ಆ ಭಾಗ ಇರುವುದಿಲ್ಲ, ಇದ್ದರೂ ಅದನ್ನು ಚಾಲೂ ಮಾಡಿರುವುದಿಲ್ಲ. ಆಗ ಮೂರೂ ಬಿಡಿಬಿಡಿಯಾಗಿಯೇ ಅಚ್ಚಾಗುತ್ತವೆ. ಯಂತ್ರಕ್ಕೆ ಅದು ತಪ್ಪೆಂದು ತೋರದು. ಅಂಗಡಿಯವನಿಗೆ ಕನ್ನಡ ಬಾರದು. ಪೇಂಟರಿಗೂ ಬಾರದು. ಕನ್ನಡದವನೇ ಆದ ನಮ್ಮ ಹುಡುಗನಿಗೂ ಬಾರದು. ನಾಲ್ಕು ಕೈ ದಾಟಿದರೂ ಒಂದು ಕಣ್ಣಿಗೂ ಕಾಣದ ತಪ್ಪು ಅದು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ನೇರ್ಪಾಗಿಯೇ ಮಾಡಿದ್ದರು!

ನಾನು ವಿಷಯವನ್ನು ತಿಳಿಸಿದಾಗ ಅಳಿಯನ ಮುಖ ಸಣ್ಣದಾಯಿತು. ‘ಇದೇ ಟ್ಯಾಂಕಿಯ ಮೇಲೆ ಕೂತಿದ್ದರೆ ಅಮ್ಮನಿಗೂ ಗೊತ್ತಾಗುತ್ತಿರಲಿಲ್ಲ, ಅಲ್ಲವೆ ಮಾವ?’ ಎಂದ. ಆ ಪ್ರಶ್ನೆಗೆ ಉತ್ತರ ಬೇಕಾಗಿರಲಿಲ್ಲ.

ಸರಿಯಾದ ತಂತ್ರಾಂಶದಲ್ಲಿ ಮತ್ತೆ ಜೋಡಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಅಕ್ಕ ಬೇರೊಂದು ದಾರಿಯನ್ನು ತೋರಿದಳು. ಭಾವನವರ ಲೆಕ್ಕದ ಪುಸ್ತಕಗಳು ಪೆಟ್ಟಿಗೆಯಲ್ಲಿದ್ದವು. ಲೆಕ್ಕಕ್ಕೆ ಮೊದಲು ಹಾಳೆಯ ನೆತ್ತಿಯಲ್ಲಿ ದೇವರ ಹೆಸರು ಬರೆಯುವುದು ನಮ್ಮ ಹಿರಿಯರ ವಾಡಿಕೆಯಷ್ಟೆ. ಪ್ರತಿ ಪುಟದ ಮೇಲೆಯೂ ಅದೇ ಸಾಲು ಅವರ ಕೈಬರಹದಲ್ಲಿತ್ತು: ಶ್ರೀಕಾರದ ಬಾಲ ಸ್ವಲ್ಪ ಉದ್ದ, ಮಕಾರದ ಹೊಟ್ಟೆ ದುಂಡು, ಕೊನೆಯ ನಕಾರದ ಒತ್ತು ಬಲಕ್ಕೆ ಒಂದಿಷ್ಟು ಓಡಿದಂತೆ. ಅಳಿಯ ಆ ಪುಸ್ತಕಗಳನ್ನು ಬಾಲ್ಯದಿಂದಲೂ ನೋಡಿದ್ದನು. ಹಾಳೆಯ ಮೇಲಿನ ಆ ಗೆರೆಗಳನ್ನು ಅಂಚಿನ ಬಳ್ಳಿಯಂತೆ ಒಂದು ಅಲಂಕಾರವೆಂದೇ ಎಣಿಸಿದ್ದನಂತೆ.

ಅಂಟುಚಿತ್ರದ ನಿಜವಾದ ಹಿರಿಮೆ ನನಗೆ ಕಂಡದ್ದು ಇಲ್ಲಿ. ಅಚ್ಚಿನ ಮೊಳೆಯ ಅಕ್ಷರ ಯಾರದೂ ಅಲ್ಲ. ಪೇಂಟರು ಬರೆದಿದ್ದರೆ ಅದು ಪೇಂಟರ ಅಕ್ಷರವಾಗುತ್ತಿತ್ತು. ತೀರಿಹೋದ ಒಬ್ಬ ಮನುಷ್ಯನ ಕೈಬರಹವನ್ನು ಹಾಗೆಯೇ ಎತ್ತಿಕೊಂಡು ಬಂದು ಲೋಹದ ಮೇಲೆ ಇಳಿಸುವುದು ಈ ತೆಳುವಾದ ಪೊರೆಗಲ್ಲದೆ ಬೇರೆ ಯಾವುದಕ್ಕೆ ಸಾಧ್ಯ? ಹಾಳೆಯನ್ನು ಯಂತ್ರದಿಂದ ಪ್ರತಿ ತೆಗೆದು, ಹಳದಿ ತಿರುಗಿದ ಕಾಗದದ ಕಲೆಗಳನ್ನು ನೀಗಿ, ಮಸಿಯ ಗೆರೆಗಳನ್ನು ಮಾತ್ರ ಉಳಿಸಿ, ಎಂಟು ಅಂಗುಲದ ಉದ್ದಕ್ಕೆ ಹಿಗ್ಗಿಸಿದರು. ಹಿಗ್ಗಿದಾಗ ಗೆರೆಗಳ ಅಂಚು ಗರಗಸದ ಹಲ್ಲಿನಂತಾಯಿತು. ಅದನ್ನು ಪರದೆಯ ಮೇಲೆ ಒಂದೊಂದಾಗಿ ನುಣುಪು ಮಾಡಬೇಕಾಯಿತು. ಈ ಕೆಲಸದಲ್ಲಿ ಅಳಿಯ ಎರಡು ಸಂಜೆ ನನ್ನ ಪಕ್ಕದಲ್ಲಿ ಕುಳಿತಿದ್ದನು. ‘ಇದು ಒತ್ತೋ, ಮಸಿ ಚೆಲ್ಲಿದ್ದೋ ಮಾವ?’ ಎಂದು ಗೆರೆಗೆರೆಗೂ ಕೇಳಬೇಕಾಗಿತ್ತು. ಕೇಳುತ್ತ ಕೇಳುತ್ತ, ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ತಿಳಿಯುವುದಕ್ಕಾಗಿ, ಆ ಒಂದು ಸಾಲನ್ನು ಓದಲು ಕಲಿತನು.

ಅಚ್ಚಿನಲ್ಲಿ ಇನ್ನೊಂದು ತೊಡಕಿತ್ತು. ಸಾಮಾನ್ಯ ಮುದ್ರಣಯಂತ್ರದಲ್ಲಿ ಬಿಳಿಯ ಮಸಿ ಇರುವುದಿಲ್ಲ. ಬಿಳುಪನ್ನೆಲ್ಲ ಕಾಗದವೇ ಒದಗಿಸುತ್ತದೆ. ಅದರ ಮಸಿಗಳು ತೆಳ್ಳಗೆ, ಬೆಳಕು ಹಾಯುವಂಥವು. ಪಾರದರ್ಶಕ ಪೊರೆಯ ಮೇಲೆ ಹೊಂಬಣ್ಣದಲ್ಲಿ ಅಚ್ಚುಹಾಕಿ ಕಡುಗೆಂಪಿನ ಮೇಲೆ ಇಳಿಸಿದರೆ ಅಕ್ಷರ ಬಣ್ಣದಲ್ಲಿ ಮುಳುಗಿ ಮಾಯವಾಗುತ್ತದೆ. ಬಿಳಿಯ ಪೊರೆಯ ಕಾಗದವೂ ದೊರೆಯುವುದುಂಟು. ಆದರೆ ಅಕ್ಷರದ ಸುತ್ತ ಕೂದಲೆಳೆಯಷ್ಟೂ ಬಿಡದೆ ಕತ್ತರಿಸದಿದ್ದರೆ ಬಿಳಿಯ ಅಂಚು ಎದ್ದು ಕಾಣುತ್ತದೆ. ಪೇಂಟರು ಇದನ್ನು ಬಿಡಿಸಿದ ಬಗೆ ಅವರ ನಾಲ್ವತ್ತು ವರ್ಷದ ಅನುಭವಕ್ಕೆ ತಕ್ಕುದಾಗಿತ್ತು. ಅಕ್ಷರಗಳು ಕೂರಬೇಕಾದ ಎಡೆಯಲ್ಲಿ, ಬೆಟ್ಟದ ಸಾಲಿನ ಹಿಂದೆ, ಅವರು ಏರ್‌ಬ್ರಷ್ಷಿನಿಂದ ಮೊದಲು ತೆಳುಬಿಳುಪನ್ನೂ ಅದರ ಮೇಲೆ ನಸುಹಳದಿಯನ್ನೂ ಎರಚಿ ಒಂದು ಬೆಳಗಿನ ಬೆಳಕನ್ನು ತಂದರು. ಅಂಚುಗಳಲ್ಲಿ ಆ ಬೆಳಕು ಕೆಂಪಿನಲ್ಲಿ ಕರಗಿತು. ಹೊಂಬಣ್ಣದ ಬದಲಾಗಿ ಕಡುಕಂದು ಬಣ್ಣದಲ್ಲಿ ಅಚ್ಚುಹಾಕಿಸಲು ಹೇಳಿದರು. ಲೆಕ್ಕದ ಪುಸ್ತಕದ ಹಳೆಯ ಮಸಿಯ ಬಣ್ಣವೂ ಅದೇ. ನೋಡುವವರಿಗೆ ಅದು ಮಾದಪ್ಪನ ಬೆಟ್ಟದ ಮೇಲಿನ ಮುಂಜಾವು. ಬಲ್ಲವರಿಗೆ ಅಕ್ಷರ ಕಾಣಲೆಂದು ಹಾಸಿದ ಹಾಸು.

ಇಳಿಸುವ ದಿನ ನಾನೂ ಹೋಗಿದ್ದೆನು. ಮಸಿ ನೀರಿಗೆ ಕರಗದಂತೆ ಅಚ್ಚಿನ ಮೇಲೆ ಮೊದಲೇ ಎರಡು ಸಲ ಅಕ್ರಿಲಿಕ್ ಲ್ಯಾಕರನ್ನು ಎರಚಿ ಒಣಗಿಸಿದ್ದರು. ಮಸಿ ಎರಚುವ ಯಂತ್ರದ ಅಚ್ಚಿಗೆ ಈ ರಕ್ಷಣೆ ಬೇಕೇ ಬೇಕು. ಲೇಸರ್ ಯಂತ್ರದ ಅಚ್ಚಿಗೆ ಬೇಡ. ಟ್ಯಾಂಕಿಯ ಬಣ್ಣದ ಮೇಲೆಯೂ ಒಂದು ಪದರ ವಾರ್ನಿಷು ಕೊಟ್ಟು ನುಣುಪಾಗಿಸಿದ್ದರು. ಮೈ ತರಿತರಿಯಾಗಿದ್ದರೆ ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಹೊಳೆಯುತ್ತದೆ, ಬಳಿಕ ಏನು ಮಾಡಿದರೂ ಆ ಹೊಳಪು ಹೋಗದು ಎಂದು ವಿವರಿಸಿದರು. ಒಂದು ಬೋಗುಣಿಯಲ್ಲಿ ಬೆಚ್ಚಗಿನ ನೀರು, ಒಂದು ಮೆತ್ತನೆಯ ಕುಂಚ, ಒಂದು ಹತ್ತಿಯ ಬಟ್ಟೆ, ಇಷ್ಟೇ ಸಲಕರಣೆ. ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ನೀರಿಗೆ ಹಾಕುವ ಮುನ್ನ ಅವರು ನನ್ನ ಕಡೆ ತಿರುಗಿ ತಮಿಳಿನಲ್ಲಿ, ‘ಸಾರ್, ಇನ್ನೊಂದು ಸಲ ಓದಿಬಿಡಿ’ ಎಂದರು. ನಾನು ಅಳಿಯನ ಕಡೆ ನೋಡಿದೆನು. ಅವನು ಬೆರಳಿಟ್ಟು, ಒಂದನೆಯ ತರಗತಿಯ ಮಗುವಿನಂತೆ ಬಿಡಿಬಿಡಿಯಾಗಿ, ಆದರೆ ತಪ್ಪಿಲ್ಲದೆ, ಓದಿದನು.

ನೀರಿನಲ್ಲಿ ಕಾಗದ ಮೊದಲು ಸುರುಳಿಯಾಯಿತು. ಬಳಿಕ ತಾನಾಗಿಯೇ ಬಿಚ್ಚಿಕೊಂಡಿತು. ಪೇಂಟರು ಟ್ಯಾಂಕಿಯನ್ನು ತುಸು ಒದ್ದೆ ಮಾಡಿ, ಕಾಗದವನ್ನು ಅದರ ಮೇಲಿಟ್ಟು, ಪೊರೆಯನ್ನು ಜಾರಿಸಿದರು. ಆ ಒಂದೆರಡು ನಿಮಿಷ ಅಕ್ಷರ ನೀರಿನ ಮೇಲೆ ತೇಲುತ್ತಿರುತ್ತದೆ. ಆಗ ಮಾತ್ರ ಅದನ್ನು ಆಚೀಚೆ ಸರಿಸಿ ಸಾಲು ನೇರ ಮಾಡಬಹುದು. ಬಳಿಕ ನಡುವಿನಿಂದ ಅಂಚಿನ ಕಡೆಗೆ ಕುಂಚದಿಂದ ಮೆಲ್ಲಗೆ ಸವರಿ ನೀರನ್ನೂ ಗಾಳಿಯನ್ನೂ ಹೊರದೂಡಿದರು. ಟ್ಯಾಂಕಿಯ ಮೈ ಬಾಗಿರುವೆಡೆಯಲ್ಲಿ ಪೊರೆ ಸುಕ್ಕುಗಟ್ಟಿತು. ಬಿಸಿನೀರಿನ ಬಟ್ಟೆಯನ್ನು ಅಲ್ಲಿ ಒತ್ತಿದಾಗ ಅದು ಮೆತ್ತಗಾಗಿ ಬಾಗಿಗೆ ಹೊಂದಿ ಕುಳಿತಿತು. ಆಮೇಲೆ ಒಂದು ಹಗಲು, ಒಂದು ರಾತ್ರಿ ಅದನ್ನು ಯಾರೂ ಮುಟ್ಟುವಂತಿಲ್ಲ. ಒಳಗೆ ನೀರಿನ ಅಂಶ ಉಳಿದಿರುವಾಗ ಮೇಲೆ ವಾರ್ನಿಷು ಮುಚ್ಚಿದರೆ ಗುಳ್ಳೆ ಏಳುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ತಾಳ್ಮೆ ಬೇಕಾಗುವುದು ಕೊನೆಯ ವಾರ್ನಿಷಿನಲ್ಲಿ. ವಾರ್ನಿಷಿನಲ್ಲಿರುವ ಥಿನ್ನರು ಪೊರೆಯನ್ನು ತಿಂದುಬಿಡಬಲ್ಲದು. ಆದಕಾರಣ ಮೊದಲ ಎರಡು ಮೂರು ಎರಕಗಳು ಇಬ್ಬನಿಯಷ್ಟೇ ಹಗುರವಾಗಿರಬೇಕು. ಒಂದೊಂದೂ ಆರಿದ ಮೇಲೆಯೇ ಮುಂದಿನದು. ಈ ಹಗುರ ಪದರ ಆರಿದ ಬಳಿಕ ಪೇಂಟರು ಮತ್ತೆ ಏರ್‌ಬ್ರಷ್ಷನ್ನು ಹಿಡಿದು, ಪ್ರತಿ ಅಕ್ಷರದ ಕೆಳಬಲ ಅಂಚಿಗೆ ಒಂದು ತೆಳುವಾದ ನೆರಳನ್ನು ಕೊಟ್ಟರು. ಬಾರದ ಲಿಪಿಯನ್ನು ಕೈಯಿಂದ ಬರೆಯಲು ಒಪ್ಪದವರು ಈಗ ಅದೇ ಲಿಪಿಯ ಪ್ರತಿಯೊಂದು ಬಳುಕನ್ನೂ, ಪ್ರತಿಯೊಂದು ಒತ್ತನ್ನೂ ಕೈಯಿಂದ ಅನುಸರಿಸಿದರು. ಹೀಗೆ ಕೆಳಗೆ ಬೆಳಕು, ಮೇಲೆ ನೆರಳು, ನಡುವೆ ಅಕ್ಷರ. ಅನಂತರ ಗಟ್ಟಿಗೊಳಿಸುವ ದ್ರವವನ್ನು ಬೆರಸಿದ ಎರಡು ಭಾಗದ ವಾರ್ನಿಷನ್ನು ಪೂರ್ಣವಾಗಿ ಹೊಡೆದರು. ಹಿಂದಿನ ಕಾಲದ ಡ್ಯೂಕೋ ಲ್ಯಾಕರು ಪೆಟ್ರೋಲು ಚೆಲ್ಲಿದರೆ ಮಂಕಾಗುತ್ತಿತ್ತು, ಇದು ತಡೆಯುತ್ತದೆ. ಆದರೆ ಆ ಗಟ್ಟಿಗೊಳಿಸುವ ದ್ರವದಲ್ಲಿರುವ ಐಸೊಸಯನೇಟ್ ಎಂಬ ವಸ್ತು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ತಕ್ಕ ಮುಖಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಆರಿದ ಮೇಲೆ ಸಾವಿರದೈನೂರು, ಎರಡು ಸಾವಿರ ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಮತ್ತೆ ಹೊಡೆದು, ಮತ್ತೆ ಉಜ್ಜಿದಾಗ ಪೊರೆಯ ಅಂಚು ಕಣ್ಣಿಗೂ ಸಿಕ್ಕದು, ಉಗುರಿಗೂ ಸಿಕ್ಕದು.

ಕೆಲಸ ಮುಗಿದ ಮೇಲೆ ಪೇಂಟರನ್ನು ನಾನು ಕೇಳಿದೆನು: ‘ನಾಲ್ವತ್ತು ವರ್ಷ ಕೈಯಲ್ಲಿ ಬರೆದವರು ನೀವು. ಅಂಟಿಸಿದ ಅಕ್ಷರ ನಿಮಗೆ ಹಿಡಿಸುವುದೇ?’ ಅವರು ನಕ್ಕು, ‘ಅಂಟಿಸಿ ಬಿಟ್ಟರೆ ಅದು ಸ್ಟಿಕ್ಕರು, ಸಾರ್. ಎರಡು ಮಳೆಗಾಲಕ್ಕೆ ಎದ್ದುಹೋಗುತ್ತದೆ. ಅದರ ಕೆಳಗೂ ಮೇಲೂ ಕೈ ಹಾಕಬೇಕು. ಆಗ ಅದೂ ನಮ್ಮ ಕೆಲಸವೇ’ ಎಂದರು. ಕಂಪ್ಯೂಟರಿನಿಂದ ಕತ್ತರಿಸಿದ ಪ್ಲಾಸ್ಟಿಕ್ ಅಕ್ಷರಗಳು ಬಂದ ಮೇಲೆ ಅವರಂತಹವರ ಕೈಕೆಲಸ ಬಹಳವಾಗಿ ಕುಗ್ಗಿದೆ. ಅದನ್ನು ಅವರು ದೂರಿನ ಮಾತಾಗಿ ಹೇಳಲಿಲ್ಲ. ದರದ ಮಾತಾಗಿ ಹೇಳಿದರು.

ಬೇರೊಬ್ಬರು ಬರೆದುಕೊಟ್ಟ ಅಕ್ಷರವನ್ನು ಕುಶಲಿಯೊಬ್ಬ ಶಾಶ್ವತಗೊಳಿಸುವುದು ನಮ್ಮಲ್ಲಿ ಹೊಸದೇನಲ್ಲ. ತಗಡೂರೆಂಬ ಹಳೆಯ ಹೆಸರಿನ ಧರ್ಮಪುರಿಯಲ್ಲಿ 9ನೆಯ ಶತಮಾನದ ನೊಳಂಬ ಅರಸರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಶಾಸನಗಳನ್ನು ರಚಿಸಿದವನೊಬ್ಬ, ಕಲ್ಲಿನ ಮೇಲೆ ಕಂಡರಿಸಿದವನು ಇನ್ನೊಬ್ಬ ಎಂಬುದು ಸಾಮಾನ್ಯವಾಗಿದ್ದಿತು. ಕಂಡರಿಸುವವನು ಎಷ್ಟೇ ನಿಪುಣನಾದರೂ ಮುಂದಿಟ್ಟ ಬರಹ ತಪ್ಪಾಗಿದ್ದರೆ ಅವನ ನೈಪುಣ್ಯವು ಆ ತಪ್ಪನ್ನು ಸಾವಿರ ವರ್ಷ ಕಾಪಾಡುತ್ತದೆ. ವಾರ್ನಿಷಿನ ಗುಣವೂ ಅದೇ. ಒಳಗಿರುವುದು ಶುದ್ಧವೋ ಅಶುದ್ಧವೋ ಅದು ವಿಚಾರಿಸದು; ಎರಡನ್ನೂ ಒಂದೇ ಹೊಳಪಿನಿಂದ ಮುಚ್ಚುತ್ತದೆ. ಮುಚ್ಚಿದ ಮೇಲೆ ತಿದ್ದಬೇಕೆಂದರೆ ಎಲ್ಲವನ್ನೂ ಕೆರೆದು ಮೊದಲಿನಿಂದ ಆರಂಭಿಸಬೇಕು. ಸೈಕ್ಲೋಸ್ಟೈಲ್ ಯಂತ್ರದ ಮೇಣದ ಹಾಳೆಯ ಮೇಲೆ ಕೊರೆದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಳೆ ಉರುಳೆಗೆ ಏರುವ ಮುನ್ನ ಓದಿದ ಓದೇ ಓದು. ನೂರು ಪ್ರತಿ ಬಂದ ಮೇಲೆ ಓದಿದ್ದು ಪಶ್ಚಾತ್ತಾಪ.

ನಮ್ಮ ಗಡಿನಾಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಏಕೆ ಕಳುಹಿಸಬೇಕೆಂದು ತಂದೆತಾಯಿಗಳು ಕೇಳುವುದುಂಟು. ಉದ್ಯೋಗಕ್ಕೆ ಇಂಗ್ಲಿಷು ಬೇಕು, ವ್ಯವಹಾರಕ್ಕೆ ತಮಿಳು ಬೇಕು, ಮನೆಯಲ್ಲಿ ಆಡುವುದಕ್ಕೆ ಶಾಲೆ ಏಕೆ ಎಂಬ ಅವರ ಪ್ರಶ್ನೆ ಅನ್ಯಾಯದ್ದಲ್ಲ. ದೊಡ್ಡ ಮಾತುಗಳಿಂದ ಅದಕ್ಕೆ ಉತ್ತರ ಹೇಳುವ ಪ್ರಯತ್ನವನ್ನು ನಾನು ಬಿಟ್ಟಿದ್ದೇನೆ. ಈಗ ಆ ಎರಡು ಅಚ್ಚುಗಳನ್ನು, ಒಡೆದದ್ದನ್ನೂ ಸರಿಯಾದದ್ದನ್ನೂ, ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ. ಅಚ್ಚುಹಾಕುವ ಯಂತ್ರ ಮುಂದೆ ಇನ್ನೂ ಚೆನ್ನಾಗಿ ಅಚ್ಚುಹಾಕೀತು. ಬಣ್ಣದವರು ನಮ್ಮ ಲಿಪಿಯನ್ನು ತಿಳಿಯದೆಯೂ ಭಕ್ತಿಯಿಂದ ಕೂರಿಸಿಯಾರು. ಇದು ನಮ್ಮಪ್ಪ ಬರೆದದ್ದು, ಇಲ್ಲಿ ಹೀಗೆ ಬರೆದಿದೆ, ಇದು ಸರಿ ಎಂದು ಹೇಳುವವನು ಮಾತ್ರ ಮನೆಯೊಳಗಿನಿಂದ ಬರಬೇಕು. ಮನೆಗೆ ಅಂಥ ಒಬ್ಬನಿದ್ದರೂ ಸಾಕು. ಇಲ್ಲದಿದ್ದರೆ ಹಿರಿಯರ ಕೈಬರಹ ಪೆಟ್ಟಿಗೆಯಲ್ಲಿ ಬಳ್ಳಿಯ ಅಲಂಕಾರವಾಗಿ ಉಳಿದೀತು.

ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮನೆಯಲ್ಲಿ ಅಜ್ಜನದೋ ಅಜ್ಜಿಯದೋ ಒಂದು ಹಳೆಯ ಕಾಗದ, ಒಂದು ಲೆಕ್ಕದ ಚೀಟಿ ಇದ್ದರೆ ಹುಡುಕಿ ತೆಗೆಯಿರಿ. ಅದರ ಒಂದು ಸಾಲನ್ನು ಓದಿ, ಅರ್ಥವಾಗದ ಅಕ್ಷರವನ್ನು ಕೇಳಿ ತಿಳಿಯಿರಿ. ಬೇಕಾದರೆ ಅದನ್ನು ಜಾರುಕಾಗದದ ಮೇಲೆ ಅಚ್ಚುಹಾಕಿಸಿ ಒಂದು ಗಾಜಿನ ಲೋಟದ ಮೇಲೆ ಇಳಿಸಿ ನೋಡಿರಿ. ವಿಜ್ಞಾನದ ಉಪಾಧ್ಯಾಯರು ಅಂಟು ಏಕೆ ಕರಗಿತು, ಪೊರೆ ಏಕೆ ಕರಗಲಿಲ್ಲ ಎಂಬುದನ್ನು ವಿವರಿಸಿಯಾರು. ಕೂಡಲೇ ಕೈ ಆಡಿಸಬೇಕೆಂಬ ಆತುರ ನಿಮ್ಮ ವಯಸ್ಸಿಗೆ ಸಹಜ. ಆದರೂ ಕಾಗದವನ್ನು ನೀರಿಗೆ ಹಾಕುವ ಮುನ್ನ ಒಂದು ಸಲ ಗಟ್ಟಿಯಾಗಿ ಓದಿರಿ.